ಸಹಿ ಹಾಕುವ ಮುನ್ನ: ರಗ್ಬಿ ಆಡಲು ಹೊರಟ ಮಕ್ಕಳಿಗೂ ಹೆತ್ತವರಿಗೂ ಕೆಲವು ಮಾತು



ಹೊಸೂರು ಕಡೆಯ ನಮ್ಮ ಹಳ್ಳಿಗಳ ಮಕ್ಕಳು ಓದಿಗಾಗಿ ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುವುದು ಹೊಸದಲ್ಲ. ಹೊಸದೆಂದರೆ ಅಲ್ಲಿಂದ ಅವರು ತರುವ ಕಾಗದಗಳು. ಈ ಸಲದ ರಾಗಿ ಕೊಯ್ಲಿನ ಹೊತ್ತಿಗೆ ನೆರೆಯ ರೈತರೊಬ್ಬರು ಹೊಲದ ಬದುವಿನ ಮೇಲೆ ನಿಂತು ಮಡಚಿದ ಹಾಳೆಯೊಂದನ್ನು ತೋರಿಸಿದರು. ಎಂಟನೇ ತರಗತಿಯ ಮಗ ಶಾಲೆಯ ರಗ್ಬಿ ತಂಡಕ್ಕೆ ಆಯ್ಕೆಯಾಗಿದ್ದಾನೆ, ಹೆತ್ತವರ ಸಹಿ ಬೇಕು ಎಂದು ಅದರಲ್ಲಿತ್ತು.

“ಇದ್ಯಾವ ಆಟ ಅಣ್ಣಾ? ಮೈಮೇಲೆ ಬಿದ್ದು ಕೆಡವುತ್ತಾರಂತೆ. ಸಹಿ ಹಾಕಲೋ ಬೇಡವೋ?” ಎಂದು ಕೇಳಿದರು. ಪಕ್ಕದಲ್ಲಿದ್ದ ಅವರ ಮನೆಯಾಕೆ, “ಹಾಕದಿದ್ದರೆ ಮಗ ಮುನಿಸಿಕೊಳ್ಳುತ್ತಾನೆ, ಹಾಕಿದರೆ ನನಗೆ ನಿದ್ದೆ ಬರುವುದಿಲ್ಲ” ಎಂದರು.

ಇಬ್ಬರ ಮಾತೂ ಸರಿಯೇ. ಆಟ ಒಳ್ಳೆಯದು. ಭಯವೂ ಸುಳ್ಳಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮಗ ಅಥವಾ ಮಗಳು ರಗ್ಬಿ ಆಡದೆ ಕಬಡ್ಡಿ ಆಡುವವರಾದರೂ ಓದಿ. ತಲೆಯ ಪೆಟ್ಟಿನ ಬಗ್ಗೆ ಹೇಳಿರುವುದು ಎರಡು ಆಟಗಳಿಗೂ ಒಂದೇ.

ಆಟದ ಪರಿಚಯ

ರಗ್ಬಿ ಎಂಬುದು ಇಂಗ್ಲೆಂಡಿನ ಒಂದು ಊರಿನ ಹೆಸರು. ಆ ಊರಿನ ಶಾಲೆಯಲ್ಲಿ ಹುಟ್ಟಿದ ಆಟಕ್ಕೆ ಅದೇ ಹೆಸರು ನಿಂತಿತು. ಚೆಂಡು ಗುಂಡಗಿರುವುದಿಲ್ಲ, ಮೊಟ್ಟೆಯಂತೆ ಉದ್ದವಾಗಿರುತ್ತದೆ. ಆಟಗಾರ ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಕಾಲಿನಿಂದ ಒದೆಯಬಹುದು. ಆದರೆ ಕೈಯಿಂದ ಎಸೆಯುವಾಗ ಪಕ್ಕಕ್ಕೆ ಇಲ್ಲವೆ ಹಿಂದಕ್ಕೆ ಮಾತ್ರ ಎಸೆಯಬೇಕು, ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಗಳ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ‘ಟ್ರೈ’, 5 ಅಂಕ. ಚೆಂಡು ಹಿಡಿದು ಓಡುವವನನ್ನು ತೋಳಿನಿಂದ ತಬ್ಬಿ ನೆಲಕ್ಕೆ ಕೆಡವುವುದು ‘ಟ್ಯಾಕಲ್’. ಪೆಟ್ಟಿನ ಮೂಲ ಹೆಚ್ಚಾಗಿ ಇದೇ.

ದೊಡ್ಡ ಆಟದಲ್ಲಿ ತಂಡಕ್ಕೆ 15 ಮಂದಿ, 40 ನಿಮಿಷದ ಎರಡು ಅವಧಿ. ‘ಸೆವೆನ್ಸ್’ ಎಂಬ ಚಿಕ್ಕ ಆಟದಲ್ಲಿ ತಂಡಕ್ಕೆ 7 ಮಂದಿ, 7 ನಿಮಿಷದ ಎರಡು ಅವಧಿ. 2016ರ ರಿಯೋ ಒಲಿಂಪಿಕ್ಸಿನಿಂದ ಈ ಚಿಕ್ಕ ಆಟ ಒಲಿಂಪಿಕ್ಸಿನಲ್ಲಿದೆ.

ನಮ್ಮ ದೇಶಕ್ಕೆ ಇದು ನಿನ್ನೆ ಮೊನ್ನೆ ಬಂದ ಆಟವೇನಲ್ಲ. ಕಲ್ಕತ್ತೆಯಲ್ಲಿ 1872ರ ಕ್ರಿಸ್‌ಮಸ್ ದಿನ ಇಂಗ್ಲಿಷರು ಆಡಿದರು, ಮರುವರ್ಷ ಕ್ಲಬ್ ಕಟ್ಟಿದರು. ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ, ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಒಂದು ಕಪ್ ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಇಂದಿಗೂ ಆ ‘ಕಲ್ಕತ್ತಾ ಕಪ್’ಗಾಗಿಯೇ ಸೆಣಸುತ್ತವೆ. 2007ರಲ್ಲಿ ಭುವನೇಶ್ವರದ ವಸತಿ ಶಾಲೆಯೊಂದರ ಬುಡಕಟ್ಟು ಹುಡುಗರು ಲಂಡನ್ನಿನಲ್ಲಿ ನಡೆದ 14 ವರ್ಷದೊಳಗಿನವರ ಶಾಲಾ ಪಂದ್ಯಾವಳಿ ಗೆದ್ದು ಬಂದರು. 2019ರಲ್ಲಿ ನಮ್ಮ ಹೆಣ್ಣುಮಕ್ಕಳು 15 ಮಂದಿಯ ಆಟದಲ್ಲಿ ಸಿಂಗಪುರವನ್ನು ಸೋಲಿಸಿದರು. ಮಹಿಳಾ ತಂಡಕ್ಕೆ ಅದು ಆ ಆಟದಲ್ಲಿ ಮೊದಲ ಅಂತಾರಾಷ್ಟ್ರೀಯ ಗೆಲುವು. ಹಳ್ಳಿಯ ಮಕ್ಕಳಿಗೆ ಎಟುಕದ ಆಟವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಎಳೆಗರುವಿನ ಹೆಗಲಿಗೆ ನೊಗ ಬೇಡ

ಹಾಲುಹಲ್ಲು ಬೀಳದ ಹೋರಿಕರುವನ್ನು ನಮ್ಮಲ್ಲಿ ಯಾರೂ ನೇಗಿಲಿಗೆ ಕಟ್ಟುವುದಿಲ್ಲ. ಮೊದಲು ಹಗ್ಗಕ್ಕೆ ಪಳಗಿಸುತ್ತೇವೆ, ಆಮೇಲೆ ಬರಿ ನೊಗ, ಆಮೇಲೆ ಹಗುರ ಎಳೆತ. ಮಕ್ಕಳ ರಗ್ಬಿಗೂ ಇದೇ ಕ್ರಮ. ಇಂಗ್ಲೆಂಡಿನಲ್ಲಿ 7 ಮತ್ತು 8 ವರ್ಷದೊಳಗಿನವರ ಗುಂಪುಗಳಲ್ಲಿ ಟ್ಯಾಕಲ್ ಇಲ್ಲವೇ ಇಲ್ಲ. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿಯನ್ನು ಕಿತ್ತರೆ ಹಿಡಿದಂತೆ ಲೆಕ್ಕ. 9 ವರ್ಷದೊಳಗಿನವರ ಗುಂಪಿನಿಂದ ಸ್ವಲ್ಪ ಸ್ವಲ್ಪವೇ ಹಿಡಿಯುವುದನ್ನು ಕಲಿಸುತ್ತಾರೆ.

ನಮ್ಮ ಮಗು 13ರ ವಯಸ್ಸಿನಲ್ಲಿ ಮೊದಲ ಬಾರಿ ಚೆಂಡು ಮುಟ್ಟುತ್ತಿದ್ದರೆ ಅದೂ ಹೊಸಬನೇ. ವಯಸ್ಸು 13 ಆಯಿತೆಂದು ಮೊದಲ ವಾರವೇ ಪಂದ್ಯಕ್ಕಿಳಿಸುವುದು ತಪ್ಪು. ಇನ್ನೊಂದು ಸಂಗತಿ: 13–14ರ ವಯಸ್ಸಿನಲ್ಲಿ ಒಬ್ಬ ಹುಡುಗ 35 ಕಿಲೋ ಇದ್ದರೆ, ಅದೇ ತರಗತಿಯ ಮತ್ತೊಬ್ಬ 60 ಕಿಲೋ ಇರಬಹುದು. ಅಭ್ಯಾಸದಲ್ಲಿ ಜೋಡಿ ಮಾಡುವಾಗ ತರಬೇತುದಾರರು ವಯಸ್ಸಿನ ಜೊತೆಗೆ ಮೈಕಟ್ಟನ್ನೂ ನೋಡಬೇಕು. ನೋಡುತ್ತಾರೆಯೇ ಎಂದು ಹೆತ್ತವರು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಮೈ ಹದಗೊಳಿಸುವ ಬಗೆ

ಹೊಲದಲ್ಲಿ ದುಡಿಯುವ ಮಕ್ಕಳ ಮೈ ಗಟ್ಟಿಯೇ ಇರುತ್ತದೆ. ಆದರೆ ಹೊರೆ ಹೊರುವ ಗಟ್ಟಿತನ ಬೇರೆ, ಓಡುತ್ತಾ ತಿರುಗಿ ಬಿದ್ದು ಏಳುವ ಗಟ್ಟಿತನ ಬೇರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 40 ಶಾಲೆಗಳ 14ರಿಂದ 18 ವರ್ಷದ ಹುಡುಗರಲ್ಲಿ ಒಂದು ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದರು. ಆಟಕ್ಕೆ ಮುನ್ನ ಸುಮಾರು 20 ನಿಮಿಷದ ವಿಶೇಷ ವ್ಯಾಯಾಮವನ್ನು ವಾರಕ್ಕೆ ಮೂರು ಸಲ ತಪ್ಪದೆ ಮಾಡಿದ ತಂಡಗಳಲ್ಲಿ ಪಂದ್ಯದ ಗಾಯಗಳು 72 ಶೇಕಡಾ, ಮಿದುಳಿನ ಪೆಟ್ಟುಗಳು 59 ಶೇಕಡಾ ಕಡಿಮೆಯಾದವು. ಅದರಲ್ಲಿ ಯಂತ್ರವೂ ಇಲ್ಲ, ಖರ್ಚೂ ಇಲ್ಲ. ಒಂಟಿಕಾಲಿನ ಸಮತೋಲ, ಬಸ್ಕಿ, ಜಿಗಿದು ಮೆಲ್ಲಗೆ ಇಳಿಯುವುದು, ಓಡುತ್ತಾ ದಿಕ್ಕು ಬದಲಿಸುವುದು, ಕತ್ತಿನ ವ್ಯಾಯಾಮ, ಇಷ್ಟೇ.

ಕತ್ತಿನ ವ್ಯಾಯಾಮವನ್ನು ಮನೆಯಲ್ಲೂ ಮಾಡಿಸಬಹುದು. ಮಗು ನೆಟ್ಟಗೆ ಕುಳಿತು ತನ್ನ ಅಂಗೈಯನ್ನು ಹಣೆಗೆ ಒತ್ತಲಿ. ತಲೆ ಅಲುಗದಂತೆ ಕತ್ತು ಎದುರು ಒತ್ತಲಿ. ಐದು ಎಣಿಸಿ ಬಿಡಲಿ. ಹೀಗೆಯೇ ಹಿಂದಲೆಗೆ, ಎರಡು ಪಕ್ಕಕ್ಕೆ. ಜೋರು ಬೇಡ, ನೋವಾದರೆ ನಿಲ್ಲಿಸಬೇಕು.

ಬೀಳುವುದನ್ನೂ ಕಲಿಯಬೇಕು. ಬೀಳುವಾಗ ಕೈಚಾಚಿದರೆ ಮಣಿಕಟ್ಟು ಇಲ್ಲವೆ ಹೆಗಲ ಮೂಳೆ ಮುರಿಯುತ್ತದೆ. ಚೆಂಡನ್ನು ಎದೆಗೆ ಅವುಚಿ, ಗದ್ದವನ್ನು ಎದೆಗೆ ತಂದು, ಮಂಡಿ, ಸೊಂಟ, ಭುಜ ಈ ಕ್ರಮದಲ್ಲಿ ನೆಲಕ್ಕೆ ತಾಗುತ್ತಾ ಉರುಳಬೇಕು. ದಪ್ಪಗೆ ಹರಡಿದ ಹುಲ್ಲಿನ ಮೇಲೆ ಮೊದಲು ಮಂಡಿಯೂರಿ, ಆಮೇಲೆ ನಿಂತು, ಕೊನೆಗೆ ನಿಧಾನವಾಗಿ ಓಡುತ್ತಾ ಅಭ್ಯಾಸ ಮಾಡಲಿ.

ಟ್ಯಾಕಲ್ ಮಾಡುವವನಿಗೆ ಮುಖ್ಯವಾದದ್ದು ತನ್ನ ತಲೆ ಎಲ್ಲಿದೆ ಎಂಬುದು. ಕಣ್ಣು ಎದುರಾಳಿಯ ಸೊಂಟದ ಮೇಲೆ, ಬೆನ್ನು ನೆಟ್ಟಗೆ, ಮಂಡಿ ಬಾಗಿ, ಭುಜದಿಂದ ತಾಗಿ ಎರಡೂ ತೋಳಿನಿಂದ ತಬ್ಬಬೇಕು. ತಲೆ ಪಕ್ಕದಲ್ಲಿ, ಓಡುವವನ ಹಿಂಬದಿಗೆ ಇರಬೇಕು. ಅವನ ಮುಂದೆ ತಲೆ ಇಟ್ಟರೆ ಅವನ ಮಂಡಿಯೋ ಸೊಂಟವೋ ಬಡಿಯುತ್ತದೆ. ತಲೆ ತಗ್ಗಿಸಿ ಟಗರಿನಂತೆ ನುಗ್ಗುವುದಂತೂ ಕತ್ತಿಗೆ ಅಪಾಯ. ಎದುರಾಳಿಯನ್ನು ಭುಜದಿಂದ ಮೇಲೆ ಹಿಡಿಯುವುದು ಎಲ್ಲೆಡೆ ತಪ್ಪಾಟ. ಇಂಗ್ಲೆಂಡಿನ ಊರು-ಶಾಲೆಗಳ ಆಟದಲ್ಲಿ 2023ರಿಂದ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯುವುದನ್ನೂ ನಿಷೇಧಿಸಿದ್ದಾರೆ. ಕಾಲು ಅಡ್ಡ ಕೊಟ್ಟು ಕೆಡವುವುದು ರಗ್ಬಿಯಲ್ಲಿ ಇಲ್ಲ. ಕಬಡ್ಡಿಯಿಂದ ಬಂದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

‘ಸ್ಕ್ರಮ್’ ಎಂದರೆ ಎರಡೂ ತಂಡದವರು ಬಾಗಿ ಭುಜಕ್ಕೆ ಭುಜ ಕೊಟ್ಟು ತಳ್ಳುವುದು. ಅದರ ಮುಂಸಾಲಿನಲ್ಲಿ ಕತ್ತಿನ ಮೇಲೆ ಭಾರ ಬೀಳುತ್ತದೆ. ಆ ಜಾಗಕ್ಕೆ ತರಬೇತಿ ಇಲ್ಲದ ಮಗುವನ್ನು “ಇವತ್ತೊಂದು ದಿನ ನಿಲ್ಲು” ಎಂದು ನಿಲ್ಲಿಸುವಂತಿಲ್ಲ. ನಿಮ್ಮ ಮಗುವಿಗೆ ಹಾಗೆ ಹೇಳಿದರೆ “ನನಗೆ ಕಲಿಸಿಲ್ಲ ಸಾರ್, ನಾನು ನಿಲ್ಲುವುದಿಲ್ಲ” ಎನ್ನುವ ಧೈರ್ಯ ಕೊಡಿ.

ಊಟ, ನೀರು, ನಿದ್ದೆ

ಡಬ್ಬದ ಪುಡಿಗಳಿಗೆ ದುಡ್ಡು ಸುರಿಯಬೇಡಿ. ನಮ್ಮ ಹೊಲದಲ್ಲೇ ಬೇಕಾದ್ದಿದೆ. ರಾಗಿ ಮುದ್ದೆ, ಹುರುಳಿ ಸಾರು, ಅವರೆಕಾಳು, ಸೊಪ್ಪು, ದಿನಕ್ಕೊಂದು ಮೊಟ್ಟೆ, ಒಂದು ಲೋಟ ಹಾಲು, ಹಿಡಿ ಕಡಲೆಕಾಯಿ ಬೀಜ, ಇವು ಬೆಳೆಯುವ ಆಟಗಾರನಿಗೆ ಒಳ್ಳೆಯ ಆಹಾರ. ಪಂದ್ಯದ ದಿನ ಮಾತ್ರ ಮುದ್ದೆಯಂಥ ಭಾರದ ಊಟವನ್ನು ಮೂರು ಗಂಟೆ ಮೊದಲೇ ಮುಗಿಸಬೇಕು. ಒಂದು ಗಂಟೆ ಮುಂಚೆ ಬಾಳೆಹಣ್ಣು ತಿಂದರೆ ಸಾಕು.

ರಕ್ತಹೀನತೆ ಇರುವ ಮಗು ಬೇಗ ದಣಿಯುತ್ತದೆ, ದಣಿದ ಮಗು ತಪ್ಪಾಗಿ ಟ್ಯಾಕಲ್ ಮಾಡುತ್ತದೆ. ಆಟದ ಕಾಲಕ್ಕೆ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. 12ರಿಂದ 14 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟಾಗುವ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಶಾಲೆಯಲ್ಲಿ ಕೊಡುವ ವಾರದ ಕಬ್ಬಿಣದ ಮಾತ್ರೆ, ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ. 10 ಮತ್ತು 16ನೇ ವಯಸ್ಸಿನ ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿ. ದನ ಕಟ್ಟುವ ಬಯಲಿನಲ್ಲೇ ಆಡುವ ನಮ್ಮ ಮಕ್ಕಳಿಗೆ ಮಂಡಿ ತರಚುವುದು ದಿನನಿತ್ಯದ್ದು.

ಬೇಸಿಗೆಯಲ್ಲಿ ಅಭ್ಯಾಸ ಬೆಳಿಗ್ಗೆ 9ರೊಳಗೆ ಮುಗಿಯಬೇಕು, ಇಲ್ಲವೆ ಸಂಜೆ 4ರ ಮೇಲೆ ಇರಬೇಕು. ಬಾಯಾರಿಕೆಗೆ ಕಾಯದೆ ನೀರು, ನೀರುಮಜ್ಜಿಗೆ ಕೊಡುತ್ತಿರಬೇಕು. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿಯೆಲ್ಲ ನೀರು ಹಾಯಿಸಿ ಬಂದ ಹುಡುಗನನ್ನು ಮರುದಿನ ಪಂದ್ಯಕ್ಕೆ ಕಳಿಸಬೇಡಿ.

ಸಾಮಾನುಗಳಲ್ಲಿ ಅಳತೆಗೆ ಸರಿಹೊಂದುವ ಬೂಟು ಮತ್ತು ಹಲ್ಲಿನ ರಕ್ಷಕ ಎರಡೂ ಬೇಕು. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಹಲ್ಲಿನ ಅಳತೆಗೆ ಮಾಡಿಕೊಳ್ಳುವಂಥ ರಕ್ಷಕ ಸಿಗುತ್ತದೆ. ಉಗುರು ಕತ್ತರಿಸಿರಬೇಕು. ಓಲೆ, ಸರ, ಉಂಗುರ, ಗಡಿಯಾರ ಮನೆಯಲ್ಲೇ ಬಿಡಬೇಕು. ತಲೆಗೆ ಹಾಕುವ ಮೆತ್ತನೆಯ ಟೋಪಿ ಚರ್ಮದ ಗಾಯ ತಡೆಯಬಹುದು, ಹಲ್ಲಿನ ರಕ್ಷಕ ಹಲ್ಲನ್ನು ಕಾಯುತ್ತದೆ. ಮಿದುಳನ್ನು ಇವೆರಡೂ ಕಾಯುವುದಿಲ್ಲ. ಇನ್ನು ಆ ವಿಷಯಕ್ಕೇ ಬರೋಣ.

ಗಡಿಗೆ ಒಡೆಯದಿದ್ದರೂ ಮೊಸರು ಒಡೆಯುತ್ತದೆ

ಕೆನಡಾ ದೇಶದ ಒಟ್ಟಾವದಲ್ಲಿ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಹುಡುಗಿ ತನ್ನ ಪ್ರೌಢಶಾಲೆಯ ರಗ್ಬಿ ತಂಡದ ನಾಯಕಿಯಾಗಿದ್ದಳು. 2013ರ ಮೇ ತಿಂಗಳ ಮೊದಲ ವಾರದಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಆಡಿದ ಆಟಗಳಲ್ಲಿ ಅವಳ ತಲೆಗೆ ಪೆಟ್ಟು ಬಿತ್ತು. ತಲೆನೋವು ಬಂತು. ಗೆಳತಿಯರಿಗೆ ಹೇಳಿದಳು, ಫೋನಿನಲ್ಲಿ ಈ ಪೆಟ್ಟಿನ ಬಗ್ಗೆ ಹುಡುಕಿಯೂ ನೋಡಿದಳು. ಆದರೆ ಅಪ್ಪ ಅಮ್ಮನಿಗಾಗಲಿ ತರಬೇತುದಾರರಿಗಾಗಲಿ ಹೇಳಲಿಲ್ಲ. ಮೇ 8ರಂದು ಮತ್ತೆ ಆಡಿದಳು. ಟ್ಯಾಕಲ್ ಆಗಿ ಬಿದ್ದವಳು ಪ್ರಜ್ಞೆ ಕಳೆದುಕೊಂಡಳು. ಮೇ 12ರಂದು ತೀರಿಕೊಂಡಳು. ಆ ದೇಶದಲ್ಲಿ ಅಂದು ತಾಯಂದಿರ ದಿನ.

ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಎಳೆಯರ ಮಿದುಳು ಒಮ್ಮೆಲೇ ಬಾತುಕೊಳ್ಳುವುದುಂಟು. ಹೀಗಾಗುವುದು ಅಪರೂಪ, ಆದರೆ ಆದರೆ ಉಳಿಸುವುದು ಬಹಳ ಕಷ್ಟ. ರೋವನ್ ಸಾವಿನ ವಿಚಾರಣೆ 2015ರಲ್ಲಿ ನಡೆದು 49 ಶಿಫಾರಸುಗಳು ಬಂದವು. ಅವಳ ಹೆತ್ತವರು ಸುಮ್ಮನಿರಲಿಲ್ಲ. 2018ರಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ‘ರೋವನ್ ಕಾನೂನು’ ಅಂಗೀಕಾರವಾಯಿತು. ಮಿದುಳಿಗೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೂ ಆಟಗಾರನನ್ನು ಹೊರಗೆ ಕರೆಯಬೇಕು, ವೈದ್ಯರ ಒಪ್ಪಿಗೆ ಇಲ್ಲದೆ ಮರಳಿ ಇಳಿಸಬಾರದು ಎಂದು ಅದು ಹೇಳುತ್ತದೆ.

ವೈದ್ಯರು ಈ ಪೆಟ್ಟನ್ನು ‘ಕಂಕಷನ್’ ಎನ್ನುತ್ತಾರೆ. ಗಡಿಗೆಯಲ್ಲಿ ಹೆಪ್ಪಾದ ಮೊಸರನ್ನು ನೆನೆಯಿರಿ. ಗಡಿಗೆಯನ್ನು ಜೋರಾಗಿ ಕುಲುಕಿದರೆ ಗಡಿಗೆಗೆ ಬಿರುಕು ಬರುವುದಿಲ್ಲ, ಒಳಗಿನ ಮೊಸರು ಒಡೆದಿರುತ್ತದೆ. ತಲೆಬುರುಡೆಯೊಳಗಿನ ಮಿದುಳೂ ಹಾಗೆ ಕುಲುಕುತ್ತದೆ. ರಕ್ತ ಬಂದಿಲ್ಲ, ಊತವಿಲ್ಲ, ಸ್ಕ್ಯಾನ್ ಸರಿಯಾಗಿದೆ ಎಂದ ಮಾತ್ರಕ್ಕೆ ಪೆಟ್ಟಾಗಿಲ್ಲ ಎಂದಲ್ಲ. ಹೆಚ್ಚಿನವರಿಗೆ ಪ್ರಜ್ಞೆಯೂ ತಪ್ಪುವುದಿಲ್ಲ.

ಅನುಮಾನ ಪಡಬೇಕಾದ ಗುರುತುಗಳು:

1. ಎದ್ದು ನಿಂತಾಗ ತೂರಾಡುವುದು, ಶೂನ್ಯ ನೋಟ.
2. ಕೇಳಿದ್ದನ್ನೇ ಮತ್ತೆ ಕೇಳುವುದು, ನಿಧಾನವಾಗಿ ಉತ್ತರಿಸುವುದು. “ಎದುರಾಳಿ ತಂಡ ಯಾವುದು? ಕೊನೆಗೆ ಅಂಕ ಗಳಿಸಿದ್ದು ಯಾರು?” ಎಂದರೆ ತಡವರಿಸುವುದು.
3. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕು-ಸದ್ದು ಸಹಿಸದಿರುವುದು.
4. ಕಾರಣವಿಲ್ಲದೆ ಸಿಟ್ಟು, ಅಳು, ಮಂಕುತನ. ಇವು ಮರುದಿನವೂ ಕಾಣಿಸಬಹುದು.

ಇವುಗಳಲ್ಲಿ ಒಂದು ಕಂಡರೂ ಅಂದಿನ ಆಟ ಮುಗಿಯಿತು. “ಈಗ ಸರಿಹೋಯಿತು” ಎಂದರೂ ಅಂದು ಮತ್ತೆ ಮೈದಾನಕ್ಕೆ ಇಳಿಸಬಾರದು. ಒಬ್ಬನೇ ಬಿಡಬಾರದು, ಸೈಕಲ್ಲು-ಬೈಕು ಓಡಿಸಲು ಬಿಡಬಾರದು, ಅಂದೇ ವೈದ್ಯರಿಗೆ ತೋರಿಸಬೇಕು. ನೋವಿಗೆ ಆಸ್ಪಿರಿನ್‌ನಂಥ ಮಾತ್ರೆ ನೀವಾಗಿ ಕೊಡಬೇಡಿ, ಅದು ರಕ್ತಸ್ರಾವ ಹೆಚ್ಚಿಸಬಹುದು.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಎರಡೆರಡಾಗಿ ಕಾಣುವುದು, ಕೈಕಾಲು ಜೋಮು ಅಥವಾ ಬಲಹೀನತೆ, ಕಿವಿ-ಮೂಗಿನಿಂದ ನೀರು ಸೋರುವುದು, ಕತ್ತು ನೋವು: ಇವು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ತಮಿಳುನಾಡಾಗಲಿ ಕರ್ನಾಟಕವಾಗಲಿ, ಗಡಿಯ ಎರಡೂ ಕಡೆ ಅದೇ ನಂಬರು. ಕತ್ತು ನೋವು ಎನ್ನುವ, ಕೈಕಾಲು ಆಡಿಸಲಾಗದ ಮಗುವನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಡಿ. ತಲೆಯನ್ನು ಅಲುಗದಂತೆ ಹಿಡಿದು, ಬಿದ್ದಲ್ಲೇ ಮಲಗಿಸಿ ಆಂಬ್ಯುಲೆನ್ಸಿಗೆ ಕಾಯಿರಿ.

ಮತ್ತೆ ಆಟಕ್ಕೆ ಯಾವಾಗ?

ಮೊದಲ ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ. ಹಗುರ ನಡಿಗೆ ಆಗಬಹುದು, ಫೋನು-ಟಿ.ವಿ. ಕಡಿಮೆ ಇರಲಿ. ಆಮೇಲೆ ಶಾಲೆ. ಪಾಠ ಓದಿದರೆ ತಲೆನೋವು ಬಾರದು ಎಂದಾದ ಮೇಲೆ ನಿಧಾನ ಓಟ, ನಂತರ ಚೆಂಡು ಹಿಡಿದು ಓಡುವುದು, ನಂತರ ಟ್ಯಾಕಲ್ ಇಲ್ಲದ ಅಭ್ಯಾಸ. ಮಧ್ಯೆ ತೊಂದರೆ ಮರಳಿದರೆ ಒಂದು ಮೆಟ್ಟಿಲು ಹಿಂದಕ್ಕೆ. ವೈದ್ಯರು ಒಪ್ಪಿದ ಮೇಲೆಯೇ ಟ್ಯಾಕಲ್. ಇಂಗ್ಲೆಂಡಿನ ರಗ್ಬಿ ಸಂಸ್ಥೆಯ ನಿಯಮದಂತೆ ಟ್ಯಾಕಲ್ ಅಭ್ಯಾಸಕ್ಕೆ ಮುನ್ನ 14 ದಿನ ಯಾವ ತೊಂದರೆಯೂ ಇರಬಾರದು, ಪೆಟ್ಟು ಬಿದ್ದ 21 ದಿನದೊಳಗೆ ಪಂದ್ಯ ಇಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೊಂದು ಮಾತು ಸೇರಿಸಬೇಕು. ಶಾಲೆಯಿಂದ ವಿಶ್ರಾಂತಿಗೆಂದು ಬಂದ ಹುಡುಗ ಮನೆಯಲ್ಲಿ ತೆಂಗಿನ ಮರ ಹತ್ತಿದರೆ, ಟ್ರ್ಯಾಕ್ಟರ್ ಮೇಲೆ ಕುಲುಕಿದರೆ, ಹೋರಿಯ ಹಗ್ಗ ಹಿಡಿದರೆ ಅದು ವಿಶ್ರಾಂತಿಯಲ್ಲ. ಆ ಮೂರು ವಾರ ಈ ಕೆಲಸಗಳಿಗೂ ರಜೆ.

ಹೆತ್ತವರು ಕೇಳಬೇಕಾದ ಪ್ರಶ್ನೆಗಳು

ಸಹಿ ಹಾಕುವ ಮುನ್ನ ಶಾಲೆಯವರನ್ನು ಇಷ್ಟು ಕೇಳಿ: ತರಬೇತುದಾರರು ರಗ್ಬಿ ಕಲಿಸುವ ತರಬೇತಿ ಪಡೆದವರೇ? ಮೈದಾನದಲ್ಲಿ ಪ್ರಥಮ ಚಿಕಿತ್ಸೆ ಬಲ್ಲವರು ಇರುತ್ತಾರೆಯೇ? ಪಂದ್ಯಕ್ಕೆ ಮುನ್ನ ಎಷ್ಟು ವಾರ ಟ್ಯಾಕಲ್ ಕಲಿಸುತ್ತೀರಿ? ತಲೆಗೆ ಪೆಟ್ಟಾದರೆ ನಮಗೆ ಅಂದೇ ತಿಳಿಸುತ್ತೀರಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಸರಿಯಾದ ತರಬೇತುದಾರರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರ ಕೊಡದೆ ಜಾರಿಕೊಂಡರೆ ಸಹಿ ಹಾಕಬೇಡಿ.

ನಮ್ಮ ಕಡೆಯೂ ಒಂದು ತಪ್ಪಿದೆ. ಮೈದಾನದ ಅಂಚಿನಲ್ಲಿ ನಿಂತು “ಏಳೋ, ಏನೂ ಆಗಿಲ್ಲ, ಗಂಡಸಲ್ಲವೇ ನೀನು!” ಎಂದು ಕೂಗುವವರು ನಾವೇ. ಕ್ರೀಡಾ ಕೋಟಾದ ಆಸೆ, ಊರವರ ಮುಂದೆ ಹೆಮ್ಮೆ, ಎರಡೂ ಸೇರಿ ಮಗುವಿನ ಬಾಯಿ ಕಟ್ಟುತ್ತವೆ. ಹೇಳಿದರೆ ತಂಡದಿಂದ ತೆಗೆಯುತ್ತಾರೆ, ಅಪ್ಪ ಬೈಯುತ್ತಾರೆ ಎಂದು ಅದು ತಲೆನೋವನ್ನು ನುಂಗಿಕೊಳ್ಳುತ್ತದೆ.

ಆದ್ದರಿಂದ ಮಗುವಿಗೆ ಮೊದಲೇ ಹೇಳಿಡಿ: “ತಲೆಗೆ ತಗುಲಿದ್ದನ್ನು ಹೇಳಿದರೆ ನಾನು ಬೈಯುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಬೈಯುತ್ತೇನೆ. ನಿನ್ನ ಗೆಳೆಯನಿಗೆ ತಗುಲಿದ್ದು ಕಂಡರೂ ಸಾರಿಗೆ ಹೇಳು, ಅದು ಚಾಡಿಯಲ್ಲ.” ಭಾನುವಾರ ಹಾಸ್ಟೆಲಿನಿಂದ ಫೋನು ಬಂದಾಗ ಮೊದಲು “ಗೆದ್ದೆಯಾ?” ಎನ್ನಬೇಡಿ. “ತಲೆಗೇನಾದರೂ ತಗುಲಿತೇನಪ್ಪಾ? ತಲೆನೋವಿದೆಯಾ?” ಎಂದು ಕೇಳಿ. ಗೆಲುವಿನ ಸುದ್ದಿಯನ್ನು ಅವರೇ ಹೇಳುತ್ತಾರೆ.

ನಮ್ಮ ನೆರೆಯವರು ಮರುವಾರ ಹೋಗಿ ತರಬೇತುದಾರರನ್ನು ಕಂಡು ಬಂದರು. ಒಂದು ತಿಂಗಳು ಬರಿ ಓಟ, ಬೀಳುವುದು, ಏಳುವುದು, ಆಮೇಲೆಯೇ ಟ್ಯಾಕಲ್ ಎಂದು ಅವರು ಹೇಳಿದರಂತೆ. ಹಾಳೆಗೆ ಸಹಿ ಬಿತ್ತು, ಅಪ್ಪನದೂ ಅಮ್ಮನದೂ. ಹುಡುಗ ಈಗ ರಜೆಗೆ ಬಂದಾಗ ಒಕ್ಕಣೆ ಕಣದ ಹುಲ್ಲಿನ ಮೇಲೆ ತಂಗಿಗೆ ಬೀಳುವುದನ್ನು ಕಲಿಸುತ್ತಿದ್ದಾನೆ.